ಹೆಲಿಕಾಪ್ಟರಿನಲ್ಲಿ ಆಗದ ಮಾತು

ಡೊಂಬಿವಲಿ ಪೂರ್ವ,
ಮಂಗಳವಾರ, 31 ಜನವರಿ 1989

ಶ್ರೀ ಜಯಶೀಲ ಅವರಿಗೆ, ಉಮಾವತಿಯ ನಮಸ್ಕಾರ.

ನೀವು ಸುಳ್ಳು ಹೇಳಿದಿರಿ. ಮೊನ್ನೆ ಭಾನುವಾರ ಸಂಜೆ ವಾಶಿಯ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಕೂಡಲೇ ಮಾತಾಯಿತೇ ಎಂದು ನಿಮ್ಮ ತಂದೆ ಕೇಳಿದರು. ನನ್ನ ಅಕ್ಕ ರತ್ನಾವತಿಯ ಜೊತೆ ಎಲ್ಲಾ ಮಾತಾಡಿ ಆಯಿತು ಎಂದು ನೀವು ಹೇಳಿದಿರಿ. ನಿಮ್ಮಿಬ್ಬರ ನಡುವೆ ಕುಳಿತಿದ್ದವಳು ನಾನು. ಒಂದು ಮಾತೂ ಆಗಿಲ್ಲ. ಆಗದ ಆ ಮಾತನ್ನು ನಂಬಿ ಹಿರಿಯರು ಫೆಬ್ರವರಿ ಹನ್ನೆರಡಕ್ಕೆ ನಿಶ್ಚಿತಾರ್ಥ ಇಟ್ಟಿದ್ದಾರೆ.

ಪತ್ರವನ್ನು ಹೀಗೆ ಶುರುಮಾಡುವುದು ಕ್ರಮವಲ್ಲ ಎಂದು ಗೊತ್ತು. ಈಗಿನಿಂದಲೇ ನಿಮ್ಮನ್ನು ಭಾವ ಎಂದು ಕರೆಯಬೇಕೆಂದು ಅಮ್ಮ ಹೇಳಿದ್ದಾರೆ. ಅದು ನನ್ನ ಪೆನ್ನಿಗೆ ಬರುತ್ತಿಲ್ಲ. ಹಾಗೆಂದು ನಿಮ್ಮ ಮೇಲೆ ದ್ವೇಷವಿಲ್ಲ. ನಿಜವಾಗಿ ಕುತೂಹಲವೇ ಹೆಚ್ಚು. ಠಾಣೆ ಸ್ಟೇಷನ್ನಿನ ಎದುರು ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಾ ಕೂತು, ಜಗಳಕ್ಕೆ ಬಂದ ಗಿರಾಕಿಯನ್ನೂ ನಗಿಸಿ ಕಳಿಸುವ ಮನುಷ್ಯ ತನ್ನ ಸ್ವಂತ ಮದುವೆಯ ವಿಷಯದಲ್ಲಿ ಯಾಕೆ ಹೀಗೆ ಮಾಡಿದ? ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಬೇರೆ ಯಾರನ್ನು ಕೇಳಿದರೂ ನನ್ನ ಬಾಯಿ ಮುಚ್ಚಿಸುತ್ತಾರೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.

ಮೊದಲು ನಮ್ಮ ಕಡೆಯಿಂದ ಇದು ಹೇಗೆ ಕಂಡಿತು ಎಂದು ಹೇಳುತ್ತೇನೆ. ನಮ್ಮದು ಚಾಳಿನ ಒಂದೇ ಕೋಣೆ. ಅಡಿಗೆ, ಊಟ, ನಿದ್ದೆ, ಅಪ್ಪನ ರೇಡಿಯೊ, ನನ್ನ ಓದು ಎಲ್ಲವೂ ಅದರೊಳಗೆ. ಹೆಣ್ಣು ನೋಡಲು ಬಂದವರು "ಹುಡುಗ ಹುಡುಗಿ ಸ್ವಲ್ಪ ಮಾತಾಡಲಿ" ಎಂದರೆ ಇಬ್ಬರನ್ನೂ ಹೊರಗಿನ ಗ್ಯಾಲರಿಗೆ ಕಳಿಸಬೇಕು. ಇಡೀ ಚಾಳಿಗೆ ಆ ಹೊತ್ತಿನಲ್ಲೇ ಗ್ಯಾಲರಿಯಲ್ಲಿ ಅಕ್ಕಿ ಆರಿಸುವ ಕೆಲಸ ಬರುತ್ತದೆ. ಹೋದ ವರ್ಷ ಒಬ್ಬರು ಬಂದಿದ್ದಾಗ ಅಕ್ಕ ಇನ್ನೂ ಬಾಯಿ ತೆರೆದಿರಲಿಲ್ಲ, ಪಕ್ಕದ ಮನೆಯ ಗದಗಿನ ಕಲ್ಲವ್ವ, "ಸ್ವಲ್ಪ ಜೋರಾಗಿ ಮಾತಾಡ್ರಿ, ಈ ಕಡೆ ಕೇಳವಲ್ದು" ಎಂದುಬಿಟ್ಟರು. ಆ ಹುಡುಗ ಬೆವರು ಒರೆಸಿಕೊಂಡು ಒಳಗೆ ಹೋದವನು ಆಮೇಲೆ ಉತ್ತರವನ್ನೇ ಕಳಿಸಲಿಲ್ಲ.

ಅದಕ್ಕೇ ನಿಮ್ಮ ತಂದೆ ಮುಂಡಪ್ಪಣ್ಣ ಹೆಲಿಕಾಪ್ಟರಿನ ಮಾತು ತೆಗೆದಾಗ ನಮ್ಮ ಮನೆಯಲ್ಲಿ ಎಲ್ಲರೂ ಕರಗಿಹೋದರು. ವಾಶಿಯಲ್ಲಿ ಸಮುದ್ರದ ನೀರು ಒಳಬರುವ ಖಾಡಿಯ ಪಕ್ಕದಲ್ಲಿ ಈ ಚಳಿಗಾಲಕ್ಕೆಂದು ಎದ್ದಿರುವ, ಸಮುದ್ರ, ಅರಮನೆ, ಚಂದ್ರಲೋಕ ಎಂದು ದೀಪಗಳಲ್ಲೇ ಕಟ್ಟಿದ ಮೂರು ಪಾರ್ಕುಗಳಲ್ಲಿ ಚಹಾ ತಿಂಡಿಯ ಅಂಗಡಿ ನಿಮ್ಮದು. ಆದ್ದರಿಂದ ಪಾರ್ಕುಗಳ ಮೇಲೆ ಸುತ್ತು ಹಾಕಿಸುವ ಹೆಲಿಕಾಪ್ಟರಿನ ಮೂರು ಪಾಸು ನಿಮಗೆ ಪುಕ್ಕಟೆ. "ನಾವೆಂತ ಹಳೇ ಕಾಲದವರಾ ಮಾರಾಯ್ರೆ? ಮೇಲೆ ಹೋಗಿ ಬೇಕಾದಷ್ಟು ಮಾತಾಡ್ಲಿ. ಅಲ್ಲಿ ಕದ್ದು ಕೇಳ್ಲಿಕ್ಕೆ ಒಂದು ಕಾಗೆ ಸಹ ಇಲ್ಲ" ಎಂದರು ಅವರು. ಮೂರನೆಯ ಸೀಟು ನಿಮ್ಮ ತಾಯಿಗೆ ಎಂದಾಯಿತು.

ಅದೇ ದಿನ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವರು ಇನ್ನೊಂದು ಮಾತು ಹೇಳಿದರು. "ಮದುವೆ ಆದ್ಮೇಲೆ ಬೇಲಾಪುರದ ಬಸ್ಸಿನಲ್ಲಿ ನೇತಾಡುವ ಕರ್ಮ ಎಂತಕ್ಕೆ? ನಮ್ಮದೇ ಗಲ್ಲೆ ಉಂಟು." ಅಪ್ಪ ನಕ್ಕರು. ಅಮ್ಮ ನಕ್ಕರು. ಅಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಬಹಳ ಹೊತ್ತು ತೊಳೆದಳು.

ಅಕ್ಕನ ಕೆಲಸವೇನೆಂದು ನಿಮಗೆ ಸರಿಯಾಗಿ ಗೊತ್ತಿದೆಯೇ? "ಸರ್ಕಾರಿ ಕಚೇರಿಯಲ್ಲಿ ಉಂಟು" ಎಂದಷ್ಟೇ ಅಪ್ಪ ಹೇಳಿರುತ್ತಾರೆ. ಅವಳು ಬೇಲಾಪುರದಲ್ಲಿ ಹೊಸ ಊರು ಕಟ್ಟುವವರ ಕಚೇರಿಯಲ್ಲಿ ಟ್ರೇಸರ್. ಎಂಜಿನಿಯರುಗಳ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಶಾಯಿಯಲ್ಲಿ ಪ್ರತಿಯೊಂದು ಗೆರೆಯನ್ನೂ ಎಳೆಯುತ್ತಾಳೆ. ರಸ್ತೆ, ಚರಂಡಿ, ಶಾಲೆ, ಸ್ಮಶಾನ. ಖಾರಘರ ಎಂಬುದು ನೆಲದ ಮೇಲೆ ಇನ್ನೂ ಬರೀ ಹುಲ್ಲು ಮತ್ತು ಗುಡ್ಡ. ಅಕ್ಕನ ಹಾಳೆಯಲ್ಲಿ ಅದಕ್ಕೆ ಮಾರುಕಟ್ಟೆಯೂ ಇದೆ. ಆ ಕೆಲಸವನ್ನು ಅವಳು ಬಿಡಲಾರಳು. ಇದನ್ನು ಅಮ್ಮನಿಗೆ ಮೆಲ್ಲಗೆ ಹೇಳಿದಳು. "ಹಿರಿಯರ ಎದುರು ಹೇಳ್ಬೇಡ ಮಗಾ. ಹುಡುಗ ಒಬ್ಬನೇ ಸಿಗ್ತಾನಲ್ಲ, ಅವನ ಹತ್ರ ಹೇಳು. ಅವ ಒಪ್ಪಿದ್ರೆ ಅವನೇ ತಂದೆಗೆ ಹೇಳ್ಲಿ" ಎಂದರು ಅಮ್ಮ. ಆಮೇಲೆ ಭಾನುವಾರದವರೆಗೂ ಅಕ್ಕ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿಯಲ್ಲಿ ನಿಂತು ಆ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ನಿಮಗೆ ಆ ಹಾರಾಟ ಒಂದು ಮೋಜು ಇರಬಹುದು. ಅವಳಿಗೆ ಇದ್ದ ಅವಕಾಶ ಅದೊಂದೇ.

ನಾನು ಬರುವುದಿಲ್ಲ ಎಂದೇ ಹಟ ಹಿಡಿದಿದ್ದೆ. ನಾನು ಕಾಲೇಜು ಮುಗಿಸಿದವಳಲ್ಲ. ನನ್ನ ಓದೆಲ್ಲ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಹರಡಿ ಮಾರುವ ಕರಪತ್ರಗಳದು. ನಾನು ಇತ್ತೀಚೆಗೆ ಓದಿದ ಒಂದರಲ್ಲಿ, ಜನರ ಹಸಿವನ್ನು ಮರೆಸಲು ಹಚ್ಚಿದ ದೀಪ ದೀಪವಲ್ಲ, ಕಣ್ಣಿಗೆ ಎರಚಿದ ಮಣ್ಣು ಎಂದಿತ್ತು. ನನಗೆ ಬಾಯಿಪಾಠವಾಗಿತ್ತು. ನಮ್ಮ ಓಣಿಯಲ್ಲಿ ಸಂಜೆ ಕರೆಂಟು ಹೋದರೆ ಯಾವಾಗ ಬರುತ್ತದೋ ತಿಳಿಯದು, ಅಲ್ಲಿ ಪಾರ್ಕಿನ ಪ್ಲೈವುಡ್ಡಿನ ಅರಮನೆಗೆ ಬಲ್ಬಿನ ಮಾಲೆ. ಇದು ಅನ್ಯಾಯವೆಂದು ಇಂದಿಗೂ ಹೇಳುತ್ತೇನೆ. ಆದರೂ ಬಂದೆ. ಹೆಲಿಕಾಪ್ಟರನ್ನು ಹತ್ತಿರದಿಂದ ನೋಡುವ ಆಸೆ ಇತ್ತು, ಇನ್ನೇನು.

ಅಲ್ಲಿ ತೂಕದ ಕಾಟ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿಸಿ, ಎಲ್ಲರಿಗೂ ಕೇಳುವಂತೆ ತೂಕ ಕೂಗುತ್ತಿದ್ದರು. ಅಕ್ಕನದನ್ನು ಕೂಗಿದಾಗ ಅಮ್ಮ, "ಎಂತ ಇದು, ದೇವರ ಎದುರು ತುಲಾಭಾರಕ್ಕೆ ಬಿಟ್ರೆ ಮನುಷ್ಯರನ್ನು ತೂಗ್ತಾರಾ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಮ್ಮ ತಾಯಿ ಹತ್ತಿದಾಗ ತಕ್ಕಡಿಯವನು ಕೂಗಲೇ ಇಲ್ಲ, ಮರಾಠಿಯಲ್ಲಿ ಕ್ಷಮೆ ಕೇಳಿದ. ಮೂವರ ತೂಕ ಮಿತಿ ಮೀರುತ್ತದಂತೆ. ಅವರು ಮುಖ ಸಣ್ಣದು ಮಾಡಿಕೊಂಡದ್ದು ನೋಡಿ ನನಗೆ ಪಾಪ ಎನಿಸಿತು. ಹೊಸ ಸೀರೆ ಉಟ್ಟು ಬಂದಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಹಗುರ ನಾನು. ಹಾಗೆ ಆ ಸೀಟು ನನಗೆ ಬಂತು.

ಆಮೇಲೆ ಕಂಪನಿಯವನು ಮೂವರ ಅಂಗೈಗೂ ಹತ್ತಿಯ ಉಂಡೆ ಕೊಟ್ಟು, ಕಿವಿಗೆ ತುರುಕಿಕೊಳ್ಳಿ ಎಂದ. ನೆನಪಿದೆಯೇ? ಮಾತಾಡಲು ಹೊರಟವರ ಕಿವಿಗೆ ಹತ್ತಿ. ಅಲ್ಲೇ ನೀವು ನಿಲ್ಲಬೇಕಿತ್ತು, ಅಥವಾ ಅಕ್ಕ ನಿಲ್ಲಬೇಕಿತ್ತು. ಇಬ್ಬರೂ ಒಳ್ಳೆಯ ಮಕ್ಕಳಂತೆ ತುರುಕಿಕೊಂಡಿರಿ. ಪಂಖ ತಿರುಗತೊಡಗಿದ ಮೇಲೆ ಹತ್ತಿಯೂ ಸಾಲಲಿಲ್ಲ. ನನ್ನ ಹಲ್ಲುಗಳೇ ಅಲ್ಲಾಡುತ್ತಿದ್ದವು.

ಅಕ್ಕ ಕಿಟಕಿಯ ಬದಿಗಿದ್ದಳು. ನಾನು ಅವಳ ಹೆಗಲ ಮೇಲೆ ಗಲ್ಲ ಇಟ್ಟು ಹೊರಗೆ ನೋಡಿದೆ. ನನ್ನ ಬೆನ್ನು ನಿಮ್ಮ ಕಡೆಗಿತ್ತು, ಕ್ಷಮಿಸಿ. ಚೆಂದ ಇತ್ತು. ಇದನ್ನು ಬರೆಯಲು ನನಗೆ ನಾಚಿಕೆ, ಆದರೆ ಚೆಂದ ಇತ್ತು. ಕೆಳಗೆ ನೀಲಿ ದೀಪದ ಸಮುದ್ರ, ಅದರ ಪಕ್ಕದಲ್ಲಿ ಅರಮನೆ, ಆಚೆಗೆ ಬಿಳಿ ಟ್ಯೂಬುಲೈಟಿನ ಚಂದ್ರಲೋಕ. ಕೆಳಗಿನಿಂದ ನೋಡಿದರೆ ಒಂದೊಂದೂ ಬೇರೆ ಬೇರೆ ಲೋಕ, ಒಂದೊಂದಕ್ಕೂ ಬೇರೆ ಟಿಕೇಟು. ಮೇಲಿನಿಂದ ಅವುಗಳ ನಡುವೆ ಇರುವುದು ಬರೀ ತಗಡಿನ ಬೇಲಿ. ಅರಮನೆಗೆ ಹಿಂಬದಿಯೇ ಇಲ್ಲ. ಬಿದಿರು ಊರಿ ನಿಲ್ಲಿಸಿದ್ದಾರೆ, ಅಲ್ಲಿ ಯಾರೋ ಹೆಂಗಸರು ಒಲೆ ಹಚ್ಚಿಕೊಂಡಿದ್ದರು. ಆ ದೀಪಗಳನ್ನು ಕಟ್ಟಿದವರ ಮನೆಯವರೇ? ರಾತ್ರಿ ದೀಪ ಆರಿಸಿದ ಮೇಲೆ ಅವರು ಅಲ್ಲೇ ಮಲಗುತ್ತಾರೆಯೇ? ನಿಮಗೆ ಅಲ್ಲಿ ಅಂಗಡಿ ಇದೆ, ನೀವು ವಿಚಾರಿಸಿ ಹೇಳಬಹುದು. ಕರಪತ್ರ ಬರೆದವರು ಎಂದೂ ಮೇಲಿನಿಂದ ನೋಡಿರಲಾರರು. ನೋಡಿದ್ದರೆ ಇದನ್ನೂ ಬರೆಯುತ್ತಿದ್ದರು.

ಹೆಲಿಕಾಪ್ಟರ್ ಬೇಲಾಪುರದ ಕಡೆಗೆ ಒರಗಿದಾಗ ಅಕ್ಕ ನನ್ನ ಕೈ ಹಿಡಿದಳು. ಹೆದರಿದಳು ಎಂದುಕೊಂಡೆ. ಅಲ್ಲ. ಗಾಜಿನ ಮೇಲೆ ಬೆರಳಿಟ್ಟು ಏನೋ ತೋರಿಸುತ್ತಿದ್ದಳು. ಪಾರ್ಕಿನಿಂದ ಬಹಳ ಆಚೆ, ಒಂದು ಮನೆಯೂ ಇಲ್ಲದ ಕತ್ತಲೆ ಬಯಲಿನಲ್ಲಿ ಬೀದಿದೀಪಗಳು ಸಾಲಾಗಿ ಉರಿಯುತ್ತಿದ್ದವು. ಸಾಲು ನೇರ ಹೋಗಿ, ಒಂದು ಗುಡ್ಡವನ್ನು ಬಳಸಿ ತಿರುಗುತ್ತಿತ್ತು. ಅಕ್ಕನ ಬೆರಳು ಗಾಜಿನ ಮೇಲೆ ಅದೇ ತಿರುವಿನಲ್ಲಿ ತಿರುಗಿತು. ಅವಳ ತುಟಿ ಆಡುತ್ತಿತ್ತು. ನನಗೇನೂ ಕೇಳಲಿಲ್ಲ.

ನೀವು ಆಗ ಏನು ನೋಡುತ್ತಿದ್ದಿರಿ? ಅದನ್ನು ತಿಳಿಯುವ ಆಸೆ ನನಗೆ.

ಇಳಿದ ಮೇಲಿನದು ನಿಮಗೆ ಗೊತ್ತು. "ಎಂತ, ಮಾತಾಡಿ ಆಯ್ತಾ?" ಎಂದು ನಿಮ್ಮ ತಂದೆ ಕೇಳಿದರು. "ಹೂಂ, ಎಲ್ಲಾ ಆಯ್ತು" ಎಂದಿರಿ. ಅಕ್ಕ ನೆಲ ನೋಡಿದಳು, ಅದನ್ನು ಎಲ್ಲರೂ ನಾಚಿಕೆ ಎಂದರು. "ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಎಂತ ಮಾತಾಡಿದ್ದಾರೆ, ಕೇಳಿ" ಎಂದು ನಾನು ಕೂಗಿದೆ. ನಿಮ್ಮ ತಂದೆ ಹೊಟ್ಟೆ ಕುಲುಕಿಸಿ ನಕ್ಕು, "ಇವಳಿಗೆ ಒಬ್ಬ ಯೂನಿಯನ್ ಲೀಡರನನ್ನೇ ಹುಡುಕ್ಬೇಕು ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ಅಮ್ಮ ನನ್ನ ತೋಳು ಚಿವುಟಿದ ಗುರುತು ಇನ್ನೂ ಇದೆ. ನೀವು ನಗಲಿಲ್ಲ. ಅದನ್ನು ನಾನು ಗಮನಿಸಿದ್ದೇನೆ. ಈ ಪತ್ರ ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

ಮನೆಗೆ ಬಂದರೆ ಕರೆಂಟು ಇಲ್ಲ. ಗ್ಯಾಲರಿಯಲ್ಲಿ ಕಲ್ಲವ್ವ ಕಾಯುತ್ತಿದ್ದರು. "ಆಕಾಶದಾಗ ಹೋಗಿ ಹೆಣ್ಣು ನೋಡ್ಯಾರಂತ! ಭೂಮಿ ಮ್ಯಾಲೆ ಜಾಗ ಸಾಲಲಿಲ್ಲೇನ್ ಇವರಿಗೆ?" ಎಂದು ನಗಾಡಿದವರು ಅಕ್ಕನ ಮುಖ ಕಂಡು ದನಿ ಇಳಿಸಿದರು. "ಏನಂದ ಹುಡುಗ?" ಅಕ್ಕ ಚಪ್ಪಲಿ ಬಿಚ್ಚಿದಳು. "ನೀ ಏನಂದಿ?" ಅಕ್ಕ ಕತ್ತಲೆಯಲ್ಲಿ ಬಾಗಿಲಿನ ಬೀಗ ತಡವಿದಳು. "ಹಂಗಾರ ಬರೀ ಗಾಳಿ ಕುಡದು ಬಂದ್ರಿ" ಎಂದು ಕಲ್ಲವ್ವ ಒಳಗೆ ಹೋಗಿ ನಮಗಾಗಿ ಒಂದು ಮೇಣದಬತ್ತಿ ತಂದುಕೊಟ್ಟರು.

ಮಲಗಿದ ಮೇಲೆ ನಾನು ಅಕ್ಕನನ್ನು ಕೇಳಿದೆ, ಕಿಟಕಿಯಲ್ಲಿ ಏನು ತೋರಿಸಿದೆ ಎಂದು. "ಆ ತಿರುವು ನಾನೇ ಎಳೆದದ್ದು ಉಮಾ. ಶಾಯಿ ಹರಡಿತೆಂದು ಎರಡು ಸಲ ಎಳೆದೆ. ನಿಜವಾಗಿಯೂ ದೀಪ ಹಾಕಿದ್ದಾರೆ" ಎಂದಳು. ಅವಳ ದನಿಯನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಹಾಗಾದರೆ ನಾಳೆಯೇ ಹೋಗಿ ಆ ಮನುಷ್ಯನಿಗೆ ಹೇಳು ಎಂದೆ. "ಎಲ್ಲಾ ಆಯ್ತು ಅಂದಾಗಿದೆಯಲ್ಲ. ಇನ್ನು ಹೇಳಿದರೆ ಅವರನ್ನು ಎಲ್ಲರೆದುರು ಸುಳ್ಳುಗಾರ ಮಾಡಿದ ಹಾಗೆ" ಎಂದು ಮಗ್ಗುಲು ತಿರುಗಿದಳು.

ನೋಡಿ, ಸುಳ್ಳು ಹೇಳಿದವರು ನೀವು, ಮುಚ್ಚಿಕೊಳ್ಳುವವಳು ಅವಳು. ಇದನ್ನು ನಾನು ಒಪ್ಪುವುದಿಲ್ಲ. ಯಾವ ಹೆಣ್ಣಿನ ದುಡಿಮೆಯನ್ನೂ ಅವಳನ್ನು ಕೇಳದೆ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಈ ವಾಕ್ಯ ನಾನು ಓದಿದ್ದು, ಆದರೆ ಈಗ ಅದರ ಅರ್ಥ ನನಗೆ ಗೊತ್ತು.

ನೀವು ತಂದೆಗೆ ಹೆದರಿದಿರೇ? ಅಥವಾ ಅವಳು ಬೇಡ ಎಂದುಬಿಟ್ಟಾಳು ಎಂದು ಹೆದರಿದಿರೇ? ಎರಡನೆಯದಾದರೆ ನನಗೆ ಸ್ವಲ್ಪ ಸಮಾಧಾನ.

ಅಕ್ಕನಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಡೊಂಬಿವಲಿ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿಗೆ ಬನ್ನಿ. ತರಕಾರಿಗೆ ಎಂದು ಹೇಳಿ ಅವಳನ್ನು ನಾನು ಕರೆತರುತ್ತೇನೆ. ಎದುರು ಕೂತು ಮಾತಾಡಿ. ನಾನು ಪಕ್ಕದಲ್ಲೇ ಇರುತ್ತೇನೆ, ಯಾರಾದರೂ ತಪ್ಪಿಸಿಕೊಂಡರೆ ಪ್ರಶ್ನೆ ಕೇಳಲು.

ಉತ್ತರಕ್ಕಾಗಿ ಕಾದಿರುವ,
ಉಮಾವತಿ

ಮತ್ತೆ: ಲಕೋಟೆಗೆ ಅಂಟು ಹಚ್ಚುವಾಗ ಅಕ್ಕನ ಕೈಗೆ ಸಿಕ್ಕಿಬಿದ್ದೆ. ಹರಿದು ಹಾಕುತ್ತಾಳೆ ಎಂದುಕೊಂಡೆ. ನಿಂತಲ್ಲೇ ಪೂರ್ತಿ ಓದಿ ಪೆನ್ನು ಕೇಳಿದಳು. ಕೆಳಗಿನದನ್ನು ಅವಳೇ ಬರೆದಿದ್ದಾಳೆ. ನನಗೆ ಓದಲು ಬಿಡುತ್ತಿಲ್ಲ.

ಜಯಶೀಲ ಅವರಿಗೆ,
ತಂಗಿಯ ಮಾತು ಒರಟು, ಆದರೆ ಸುಳ್ಳಿಲ್ಲ. ಸುಳ್ಳಿನಲ್ಲಿ ಅರ್ಧ ನನ್ನದು; ನಾನೂ ಸುಮ್ಮನಿದ್ದೆ. ನೀವು ಏನು ನೋಡುತ್ತಿದ್ದಿರಿ ಎಂದು ಅವಳು ಕೇಳಿದ್ದಾಳೆ. ಏನೂ ಇಲ್ಲ ಎಂದು ನನಗೆ ಗೊತ್ತು. ದೀಪ ತೋರಿಸಲು ತಿರುಗಿದಾಗ ನೀವು ಎರಡೂ ಕೈಯಲ್ಲಿ ಸೀಟು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಿರಿ. ನಾನು ಯಾರಿಗೂ ಹೇಳಿಲ್ಲ. ಅದನ್ನು ಕಂಡ ಮೇಲೆಯೇ ನಿಮ್ಮ ಹತ್ತಿರ ಮಾತಾಡಬಹುದು ಅನಿಸಿತು, ಆದರೆ ಅಷ್ಟರಲ್ಲಿ ಇಳಿದುಬಿಟ್ಟೆವು.

ಕೆಲಸ ನಾನು ಬಿಡುವುದಿಲ್ಲ. ಇದು ಕೇಳಿಕೊಳ್ಳುವುದಲ್ಲ, ತಿಳಿಸುವುದು. ಇದನ್ನು ಓದಿಯೂ ಬರುವುದಾದರೆ ಮಾತ್ರ ಬನ್ನಿ. ಆ ದೀಪದ ಸಾಲಿನ ಕೆಳಗೆ ನಾನು ಇದುವರೆಗೆ ನಡೆದಿಲ್ಲ. ಕಚೇರಿಯಿಂದ ದೂರವಿಲ್ಲ, ನೆಲದ ಮೇಲೆಯೇ ಹೋಗಬಹುದು. ಭಾನುವಾರ ಬೇಡ, ಸ್ಟೇಷನ್ನೂ ಬೇಡ, ಉಮಾ ಬರುವುದಿಲ್ಲ. ಬೇಲಾಪುರದ ಬಸ್ ನಿಲ್ದಾಣ, ಶನಿವಾರ ಫೆಬ್ರವರಿ ನಾಲ್ಕು, ಸಂಜೆ ಆರು ಗಂಟೆ.
ರತ್ನಾವತಿ