ಎದುರಿನ ತಾಟು

ನನ್ನ ಗೆಳತಿ, ನನ್ನ ಹೊಟ್ಟೆಕಿಚ್ಚಿಗೆಲ್ಲ ಒಡತಿಯಾದ ನಸೀಮಾಳಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಳುತ್ತ ಬರೆಯುತ್ತಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತ ನಮ್ಮವ್ವ ಹೇಳುತ್ತಾಳೆ, ಆದರೆ ನಮ್ಮವ್ವ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳಲ್ಲ. ನೀನು ಇದ್ದಾಗ, ಒಂದಲ್ಲ ಒಂದು ದಿನ ನಿನ್ನನ್ನು ಹಿಂದೆ ಹಾಕುತ್ತೇನೆ ಅನ್ನುವ ಧೈರ್ಯ ಇತ್ತು. ಈಗ ಹೇಗೆ ಹಾಕಲಿ? ನೀನು ಇನ್ನು ಯಾವತ್ತೂ ಕೆಟ್ಟ ಸಿನಿಮಾ ತೆಗೆಯುವುದಿಲ್ಲ. ನಾನು ಮಾತ್ರ ತೆಗೆಯುತ್ತಲೇ ಇರಬೇಕು, ಜನ ಪ್ರತಿ ಸಲ ಅದನ್ನು ನಿನ್ನದರ ಪಕ್ಕ ಇಟ್ಟು ನೋಡಬೇಕು. ಇದು ಯಾವ ನ್ಯಾಯ ಹೇಳು.

ಯಾದಗಿರಿಯ ಕಾಲೇಜಿನಲ್ಲಿ ಸರ್ ಆ ಕೆಲಸ ಕೊಟ್ಟ ದಿನ ನೆನಪಿದೆಯಾ? ಇಡೀ ಸಿನಿಮಾ ಬೇಡ, ಒಂದು ಸೈಕಲಾಜಿಕಲ್ ಥ್ರಿಲ್ಲರ್‌ನ ಆರಂಭ ಮಾತ್ರ ತೆಗೆದುಕೊಂಡು ಬನ್ನಿ, ಎರಡು ನಿಮಿಷ ಸಾಕು, ಮುಂದೇನು ಅಂತ ನೋಡಿದವರು ಕೇಳುವಂತಿರಬೇಕು ಅಂದಿದ್ದರು. ಜೋಡಿಯಾಗಿ ಮಾಡಬೇಕಿತ್ತು. ಶಹಾಪುರದ ನಾನು, ಸುರಪುರದ ನೀನು. ವಾಪಸ್ ಬರುವ ಬಸ್ಸಿನಲ್ಲೇ ನಾನು ಎಲ್ಲ ಕಟ್ಟಿ ಹೇಳಿಬಿಟ್ಟೆ. ಕತ್ತಲು ಕೋಣೆ, ಒಡೆದ ಕನ್ನಡಿ, ಗೋಡೆಯ ತುಂಬ ಫೋಟೋ, ಒಂದರಿಂದ ಇನ್ನೊಂದಕ್ಕೆ ಕೆಂಪು ದಾರ, ಟೋಪಿಯ ಜರ್ಕಿನ್ ಹಾಕಿದವನ ಬೆನ್ನು, ನಡುಗುತ್ತ ಮೂಡುವ ಹೆಸರುಗಳು. ಮೊದಲ ಶಾಟಿಗೆ ನಮ್ಮೂರ ಮಲಗಿದ ಬುದ್ಧನ ಗುಡ್ಡ. ಮೊಬೈಲಿನಲ್ಲಿ ನಾವಿಬ್ಬರೂ ಇಯರ್‌ಫೋನ್ ಹಂಚಿಕೊಂಡು ನೋಡಿದ ಥ್ರಿಲ್ಲರ್‌ಗಳಲ್ಲಿ ಅದೇ ತಾನೆ ಇರುತ್ತಿತ್ತು? ನೀನು ಕಿಟಕಿಯ ಹೊರಗೆ ನೋಡುತ್ತ, "ಈ ಬಿಸಿಲಾಗ ಜರ್ಕಿನ್ ಹಾಕ್ಕೊಂಡು ತಿರಗಾಂವ ಕೊಲಿಗಾರ ಅಲ್ಲಲೇ, ಜ್ವರ ಬಂದಾಂವ" ಅಂದೆ. ಹಿಂದಿನ ಸೀಟಿನವರೂ ನಕ್ಕರು. ಗುಡ್ಡ ಶಹಾಪುರದ ಎಲ್ಲರ ರೀಲ್ಸಿನಲ್ಲೂ ಇದೆ, ಬುದ್ಧನನ್ನಾದರೂ ನೆಮ್ಮದಿಯಾಗಿ ಮಲಗಲು ಬಿಡು ಅಂತ ಮೇಲೊಂದು ಸೇರಿಸಿದೆ.

ಆಮೇಲೆ ನಿನ್ನ ಯೋಚನೆ ಹೇಳಿದೆಯಲ್ಲ, ಭೀಮರಾಯನಗುಡಿ ದಾಟುವಷ್ಟರಲ್ಲಿ ಮುಗಿದಿತ್ತು. ನಮ್ಮ ಕಡೆಯ ಹೆದರಿಕೆ ರಾತ್ರಿಯದ್ದಲ್ಲ, ಮಧ್ಯಾಹ್ನದ್ದು. ಎಲ್ಲರ ಬಾಗಿಲೂ ಹಾಕಿದ, ಓಣಿಯಲ್ಲಿ ನಾಯಿ ಕೂಡ ಸುಳಿಯದ, ಕೂಲರ್ ಒಂದೇ ಮಾತಾಡುವ ಹೊತ್ತು. ಒಬ್ಬ ಹುಡುಗಿ ಎರಡು ತಾಟು ಬಡಿಸುತ್ತಾಳೆ. ಎದುರಿನವರನ್ನು ನೋಡುತ್ತ ಉಣ್ಣುತ್ತಾಳೆ. ಎದುರಿಗೆ ಯಾರಿದ್ದಾರೆ ಅಂತ ಕ್ಯಾಮರಾ ತೋರಿಸುವುದೇ ಇಲ್ಲ. ಕಾಣದ್ದೇ ಕಾಡಬೇಕು, ಈಕೆಯ ತಲೆ ಸರಿ ಇದೆಯೋ ಇಲ್ಲವೋ ಅನ್ನುವ ಅನುಮಾನ ಒಂದು ಹುಟ್ಟಿದರೆ ಸಾಕು, ಕನ್ನಡಿ ದಾರ ಎಲ್ಲ ಯಾಕೆ ಅಂತ ನೀನು ಕೇಳಿದೆ. ನನಗೆ ಮೈ ಉರಿಯಿತು. ಚೆನ್ನಾಗಿದೆ ಅಂತ ಗೊತ್ತಾಗಿಯೇ ಉರಿಯಿತು. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ? ಹಾಗಾದರೆ ಎದುರಿಗೆ ಇರುವುದು ಯಾರು ಅಂತ ಕೇಳಿದ್ದಕ್ಕೆ, ಮೊದಲು ನೀ ಮಾಡಿ ತೋರಿಸು, ಆಮೇಲೆ ಹೇಳುತ್ತೇನೆ ಅಂದುಬಿಟ್ಟೆ.

ನಮ್ಮ ಮನೆಯಲ್ಲಿ ಅದನ್ನು ತೆಗೆದ ಮಧ್ಯಾಹ್ನ ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲ ಮಾಡಿಟ್ಟು ಪಕ್ಕದ ಮನೆಗೆ ಹೋಗಿದ್ದಳು. ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿ ಕ್ಯಾಮರಾದಲ್ಲಿ ಸರಿಯಾಗಿ ಕಾಣುತ್ತಿಲ್ಲ, ಸ್ವಲ್ಪ ಹೊಗೆ ಬೇಕು ಅಂತ ನೀನು ಹಟ ಹಿಡಿದೆ. ಹೊಗೆಯ ಮಷಿನ್ ನಮಗೆ ಯಾರು ಕೊಡುತ್ತಾರೆ? ಎದುರಿನ ತಾಟಿನ ಹತ್ತಿರ ಊದಿನಕಡ್ಡಿ ಹಚ್ಚಿಟ್ಟೆವು. ಬಿಸಿಲಿನಲ್ಲಿ ಹೊಗೆ ಸುತ್ತಿ ಸುತ್ತಿ ಎದ್ದಾಗ ನೀನು ಕುಣಿದಾಡಿದೆ. ನಿಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಫಾತೆಹಾ ಓದಿಸುವಾಗ ಊಟ ಇಡುವುದು ಹೀಗೆಯೇ, ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದೂ ಹೀಗೆಯೇ. ಇಬ್ಬರಲ್ಲಿ ಒಬ್ಬರಿಗೂ ಅದು ತಲೆಗೆ ಬರಲಿಲ್ಲ ನೋಡು. ನೀನು ಬೆಳಕು ನೋಡುತ್ತಿದ್ದೆ. ಆ ಬೆಳಕು ನನ್ನ ಮುಖದ ಮೇಲೆ ಬಿದ್ದಿದೆಯೋ ಇಲ್ಲವೋ ಅಂತ ನಾನು ನೋಡಿಕೊಳ್ಳುತ್ತಿದ್ದೆ.

ಕ್ಯಾಮರಾ ಹಿಡಿದು ನೀನು ಆ ತಾಟಿನ ಹಿಂದೆಯೇ ಕೂತೆ. ನಾನು ಕಣ್ಣು ದೊಡ್ಡದು ಮಾಡಿದೆ, ತುಟಿ ನಡುಗಿಸಿದೆ, ತುತ್ತು ಗಂಟಲಲ್ಲಿ ಸಿಕ್ಕವಳ ಹಾಗೆ ಮಾಡಿದೆ. ಎಲ್ಲದಕ್ಕೂ ನಿನ್ನದು ಕಟ್, ಕಟ್. ಕಡೆಗೆ ಬೇಸತ್ತು ನೀನು, "ಏನೂ ಮಾಡಬ್ಯಾಡ. ದಿನಾ ನನ್ನ ಹೆಂಗ ನೋಡ್ತಿ, ಹಂಗ ನೋಡು ಸಾಕು" ಅಂದೆ. ಗೆಳತಿಯನ್ನು ನೋಡುವ ಹಾಗೆ ಅಂದುಕೊಂಡು ನಾನೂ ನೋಡಿದೆ. ಒಂದೇ ಟೇಕಿಗೆ ಮುಗಿಯಿತು. ನೀನು ಕ್ಯಾಮರಾ ಇಳಿಸಿ ಏನೋ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಬಂದು, ಸುರಪುರದ ಬಸ್ಸಿಗೆ ಹೊತ್ತಾಯಿತು ಏಳವ್ವಾ ಅಂತ ನಿನ್ನನ್ನು ಎಬ್ಬಿಸಿಕೊಂಡು ಹೋದಳು.

ಆ ವಾರವೇ ನಿನಗೆ ಜ್ವರ. ಕಲಬುರಗಿಗೆ ಒಯ್ದಿದ್ದಾರೆ ಅಂದರು, ಕಡಿಮೆಯಾಗಿದೆ ಅಂದರು, ಆಮೇಲೆ... ಇರಲಿ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿಮ್ಮ ಮನೆಯಲ್ಲಿ ಹೆಂಗಸರ ನಡುವೆ ನಿನ್ನ ಅಮ್ಮಿಯ ಪಕ್ಕ ಕೂತಿದ್ದೆ. ಬಂದವರೆಲ್ಲ ನಸೀಮಾ ಎಂಥ ಶಾಣ್ಯಾ ಹುಡುಗಿ, ಇಡೀ ಕಾಲೇಜಿಗೆ ಅಂಥವಳು ಒಬ್ಬಳೇ ಅನ್ನುತ್ತಿದ್ದರು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಒಳಗೊಳಗೇ ಉರಿಯುತ್ತಲೂ ಇದ್ದೆ. ಎರಡೂ ಒಟ್ಟಿಗೆ ಆಗುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಎಲ್ಲರ ಆರಂಭಗಳನ್ನೂ ತೋರಿಸಿದ ದಿನ ಮನೆಯವರನ್ನು ಕರೆದಿದ್ದರು. ನಾನು ಎರಡು ಒಯ್ದಿದ್ದೆ. ನಿನ್ನದನ್ನು ನೀನು ಹೇಳಿದ್ದ ಹಾಗೆಯೇ ಜೋಡಿಸಿದ್ದೆ, ಎಲ್ಲೂ ಕೆಡಿಸಿಲ್ಲ, ಅವ್ವನಾಣೆ. ಜೊತೆಗೆ ನನ್ನದೂ ಒಂದಿತ್ತು. ಅಣ್ಣನಿಗೆ ಜರ್ಕಿನ್ ಹಾಕಿಸಿ, ಕನ್ನಡಿ ಒಡೆದು, ಅವ್ವನ ಕೈಲಿ ಬೈಸಿಕೊಂಡು ತೆಗೆದದ್ದು. ಗೋಡೆಗೆ ಅಂಟಿಸಲು ಮನೆಯ ಆಲ್ಬಮ್ಮೇ ಗತಿಯಾಗಿತ್ತು. ಕೆಂಪು ದಾರದ ಗುಂಟ ಕ್ಯಾಮರಾ ಸರಿಯುತ್ತಿದ್ದರೆ ಹಿಂದಿನಿಂದ ನಮ್ಮ ನೆಂಟರ ಹುಡುಗನೊಬ್ಬ, "ಲೇ, ಅಲ್ನೋಡಲೇ, ನಮ್ಮ ಕಾಕಾ ಅದಾನ" ಅಂದ. ಸೇರಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ನಿನ್ನದು ಹಾಕಿದರು. ಕೂಲರಿನ ಸದ್ದು ಬಂದದ್ದೇ ತಡ ಎಲ್ಲರೂ ಗಪ್ಪಾದರು. ತಾಟು ಬಂತು, ಹೊಗೆ ಎದ್ದಿತು. ಮುಂದಿನ ಸಾಲಿನಲ್ಲಿದ್ದ ನಮ್ಮವ್ವ ಕೈ ಮುಗಿದಳು. ಅವಳ ಪಕ್ಕದವಳು ಮುಗಿದಳು, ಆಚೆಯವಳೂ ಮುಗಿದಳು. ಥ್ರಿಲ್ಲರ್ ನೋಡಿ ಕೈ ಮುಗಿಯುವ ಜನ ನಮ್ಮ ಜಿಲ್ಲೆಯಲ್ಲೇ ಸಿಗಬೇಕು. ನಾವು ಅವತ್ತು ಏನನ್ನು ಇಟ್ಟಿದ್ದೆವು ಅಂತ ನನಗೆ ಹೊಳೆದದ್ದು ಆಗಲೇ. ನಿನ್ನ ಎಡೆಯನ್ನು ನೀನೇ ಇಟ್ಟು, ನೀನೇ ಅದಕ್ಕೆ ಬೆಳಕು ನೋಡಿ...

ಮುಗಿದ ಮೇಲೆ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಆ ಹುಡುಗಿಗೆ ಕಣ್ಣಿತ್ತು ಅಂದರು. ಪರದೆಯ ತುಂಬ ಇದ್ದದ್ದು ನನ್ನ ಮುಖ, ನಸೀಮಾ! ಅದರ ಬಗ್ಗೆ ಒಂದು ಮಾತಿಲ್ಲ. ಇತ್ತು, ಒಂದಿತ್ತು. ಸುಜಾತಾಳ ಕಣ್ಣಲ್ಲಿ ಆ ಭಯಂಕರ ನೋಟವನ್ನು ನಸೀಮಾ ಹೇಗೆ ತರಿಸಿದಳೋ ಅಂದರು. ನನ್ನ ಕಣ್ಣು ಕೂಡ ನಿನ್ನ ಲೆಕ್ಕಕ್ಕೆ ಹೋಯಿತು. ಕಡೆಗೆ ನನ್ನನ್ನು ಕರೆದು, ಇದನ್ನು ಪೂರ್ತಿ ಕಿರುಚಿತ್ರ ಮಾಡು, ನೀನೇ ನಿರ್ದೇಶಿಸು ಅಂದರು. ನಾನು ಹಗಲು ಕನಸು ಕಾಣುತ್ತಿದ್ದದ್ದು ಆ ಒಂದು ಮಾತಿಗೆ. ಆದರೆ ಮಾಡುವುದು ಹೇಗೆ? ಎದುರಿಗೆ ಯಾರು ಅಂತ ನೀನು ಹೇಳಿಯೇ ಹೋಗಿರಲಿಲ್ಲ. ಅದು ಗೊತ್ತಿಲ್ಲದೆ ಒಂದು ಶಾಟೂ ಮುಂದೆ ಹೋಗದು. ನಾನೇ ಯಾರನ್ನೋ ತಂದು ಕೂರಿಸಿದರೆ ಅದು ಮತ್ತೆ ಜರ್ಕಿನ್ ಹಾಕಿದವನೇ ಆಗುತ್ತಿದ್ದ.

ಅದಕ್ಕೇ ಸುರಪುರಕ್ಕೆ, ರಂಗಂಪೇಟೆಯ ನಿಮ್ಮ ಮನೆಗೆ ಬಂದೆ. ಅಮ್ಮಿಗೆ ಮೊಬೈಲಿನಲ್ಲಿ ತೋರಿಸಿದೆ. ಹೊಗೆ ಏಳುವಾಗ ಅಳುತ್ತಾಳೆ ಅಂತ ನನಗೆ ಹೆದರಿಕೆ. ಅಮ್ಮಿ ಅಳಲಿಲ್ಲ. "ತಾಟ್ ಮುಚ್ಚಿಲ್ಲಲ್ಲ ಬೇಟಾ, ಆರಿ ಹೋಗ್ತದ" ಅಂದಳು. ಯಾದಗಿರಿಯಿಂದ ತಡವಾಗಿ ಬರುವ ನಿನಗೆ ದಿನಾ ತಾಟಿನ ಮೇಲೆ ತಾಟು ಮುಚ್ಚಿಟ್ಟು ಕಾಯುತ್ತಿದ್ದವಳಲ್ಲವೇ. ಅಮ್ಮಿ, ಎದುರಿಗೆ ಯಾರಿದ್ದಾರೆ ಅಂತ ನಸೀಮಾ ನಿಮಗೇನಾದರೂ ಹೇಳಿದ್ದಳಾ ಅಂತ ಕೇಳಿದೆ.

"ಎದುರಿಗೆ ಯಾರೂ ಇಲ್ಲ ಬೇಟಾ. ಇಲ್ಲದಾಕಿ ಮ್ಯಾಲ ಈ ಹುಡುಗಿ ಹೊಟ್ಟಿಕಿಚ್ಚು ಪಡ್ತಾಳ. ಅದೇ ಪಿಕ್ಚರ್ ಅಂತಿದ್ಳು."

ಆಮೇಲೆ ಅಮ್ಮಿ ಮೊಬೈಲಿನಲ್ಲಿದ್ದ ನನ್ನ ಮುಖವನ್ನು ಬೆರಳಿನಿಂದ ಮುಟ್ಟಿದಳು. "ಅದಕ್ಕೇ ನಿನ್ನ ತಗೊಂಡಾಳ. ಸುಜಾತಾ ಹಂಗ ನೋಡಿದ್ರ ನಾ ಏನೋ ಚಲೋ ಮಾಡೇನಿ ಅಂತ ತಿಳಿತದ ಅಮ್ಮಿ, ಸರ್ ಹೇಳಿದ್ರೂ ಅಷ್ಟು ತಿಳಿಯಂಗಿಲ್ಲ ಅಂತಿದ್ಳು."

ಗೊತ್ತಿತ್ತು ನಿನಗೆ. ಮೊದಲಿನಿಂದಲೂ ಗೊತ್ತಿತ್ತು. ನಾನು ಎಷ್ಟು ಜಾಣತನದಿಂದ ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ! ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಡುತ್ತಿದ್ದೆಯಲ್ಲ, ಆಗಲೂ ಗೊತ್ತಿತ್ತಾ? ಒಳಗೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಇಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವ ಹುಡುಗಿಯ ಕಥೆ ಬರೆದಿಟ್ಟು ನೀನು ಹೊರಟುಹೋದೆ. ನಾನು ಅದರಲ್ಲಿ ದಿನಾ ನಟಿಸುತ್ತಿದ್ದೇನೆ, ಕಟ್ ಅನ್ನುವವರು ಇಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಕಿರುಚಿತ್ರ ಶುರುವಾಗಿದೆ, ನಿಮ್ಮ ಮನೆಯಲ್ಲೇ. ಪರದೆಯ ಮೇಲೆ ಮೂಡುವ ಹೆಸರುಗಳಲ್ಲಿ ನಿನ್ನದು ಮೊದಲು ಬರುತ್ತದೆ, ಇದು ನನ್ನ ಮಾತು. ಆದರೆ ಅಕ್ಷರ ನನ್ನದಕ್ಕಿಂತ ದೊಡ್ಡದಿರುವುದಿಲ್ಲ, ಅದಕ್ಕಿಂತ ಹೆಚ್ಚು ನನ್ನಿಂದ ಕೇಳಬೇಡ. ಕ್ಯಾಮರಾಕ್ಕೆ ಶಿರವಾಳದ ಹುಡುಗಿಯೊಬ್ಬಳು ಬಂದಿದ್ದಾಳೆ, ನಮ್ಮ ಜೂನಿಯರ್, ಒಳ್ಳೆಯವಳು. ಮೊನ್ನೆ ಮೊದಲ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ನೋಡಿದೆ. ಆ ನೋಟ ಬರಲಿಲ್ಲ. ಎಷ್ಟು ಸಲ ಮಾಡಿದರೂ ಬರಲಿಲ್ಲ. ಅವಳ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ, ಏನು ಮಾಡಲಿ? ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮಿ ಒಳಗೆ ಹೋದಳು. ನೀನು ಉಣ್ಣುತ್ತಿದ್ದ ತಾಟು ತಂದಳು. ಊದಿನಕಡ್ಡಿ ಬೇಡ ಅಂದಳು. ಬಿಸಿ ರೊಟ್ಟಿ, ಪಲ್ಯ, ಮೇಲೆ ತುಪ್ಪ, ಎಲ್ಲ ನಿನ್ನ ತಾಟಿಗೆ ಬಡಿಸಿ ಇನ್ನೊಂದು ತಾಟಿನಿಂದ ಮುಚ್ಚಿದಳು. ಉಳಿದದ್ದನ್ನು ನನಗೆ ಹಾಕಿದಳು.

ನಾನು ಎದುರಿಗೆ ನೋಡಿದೆ. ಒಂದೇ ಟೇಕಿಗೆ ಬಂತು.

ನಿನ್ನ ಎದುರಿಗೆ ಕೂತಿರುವ,
ಸುಜಾತಾ