ಸೀಟಿ ಕೇಳಿದೊಡನೆ ಮೇಜಿನಡಿಗೆ

ಚಿತ್ರದುರ್ಗ, ಮಾರ್ಚ್ ೧೯೭೮

ಮಕ್ಕಳ ಗ್ರಂಥಾಲಯದ ಉಸ್ತುವಾರಿ ಹೊತ್ತ ಮಾನ್ಯರೇ,

ತಾವು ನಮ್ಮ ಮಕ್ಕಳ ತಲೆಯ ಮೇಲೆ ಬಂಡೆ ಸಿಡಿಸುತ್ತಿದ್ದೀರಿ. ಅದನ್ನು ನಿಲ್ಲಿಸಿ ಎಂದು ಕೇಳಲು ಕಚೇರಿಗೆ ಬಂದರೆ ನಿಂತಲ್ಲೇ ಸಾಗಹಾಕಿದಿರಿ. ಹಾಗಾಗಿ ಊರಿಗೇ ಕೇಳುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಮ್ಮ ಗ್ರಂಥಾಲಯ ದೊಡ್ಡದು, ಒಪ್ಪಿದೆ. ಹೊಳಲ್ಕೆರೆ, ಹಿರಿಯೂರಿನಿಂದಲೂ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಇನ್ನಷ್ಟು ಮಕ್ಕಳು ಕೂರಲೆಂದು ಹೊಸ ಕೋಣೆ ಕಟ್ಟಿಸಲು ಹೊರಟಿರಿ, ಸಂತೋಷ. ಆದರೆ ಅದಕ್ಕೆ ಬೇಕಾದ ಕಲ್ಲನ್ನು ಗ್ರಂಥಾಲಯದ ಬೆನ್ನಿಗಿರುವ ಬಂಡೆಗೇ ಮದ್ದಿಟ್ಟು ಒಡೆಸುವ ಜಾಣತನ ಯಾರದು? ಲಾರಿ ಬಾಡಿಗೆ ಉಳಿಯಿತೆಂದು ಹೇಳಿಕೊಂಡು ತಿರುಗುತ್ತಿದ್ದೀರಂತೆ. ಹೌದು, ಆ ಸಿಡಿತಕ್ಕೆ ಬಿರುಕು ಬಿಟ್ಟ ತಾರಸಿಯ ಕೆಳಗೆ ಕೂರುವವರು ತಾವಲ್ಲವಲ್ಲ. ಬಿರುಕು ಬೆಳೆಯುತ್ತಿದೆಯೇ ಎಂದು ನೋಡಲು ಮೇಸ್ತ್ರಿ ಅದಕ್ಕೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸಿದ. ಆ ಗಾಜೂ ಸೀಳಿತು. ಆಗ ತಾವು ಮಾಡಿದ್ದೇನು? ಮಕ್ಕಳ ಮೇಲೆ ಗಾಜು ಬಿದ್ದೀತೆಂದು ಅದನ್ನು ಕೀಳಿಸಿ ಸುಣ್ಣ ಬಳಿಸಿದಿರಿ. ಗಾಜು ಬಿದ್ದೀತೆಂದು ಹೆದರುವವರಿಗೆ ತಾರಸಿ ಬೀಳಬಹುದೆಂದು ಹೊಳೆಯಲಿಲ್ಲವೇ?

ಕಳೆದ ವಾರ ಮಗಳು ಸರ್ವಮಂಗಳಳ ಜೊತೆ ನಾನೂ ಹೋಗಿದ್ದೆ. ಮದ್ದಿಗೆ ಬೆಂಕಿ ಇಡುವ ಮುನ್ನ ಊದುವ ಸೀಟಿ ಕೇಳಿತು. ಪುಸ್ತಕ ಕೊಡುವ ಗಂಗಕ್ಕ ತಲೆಯೆತ್ತದೆ, "ಸೀಟಿ ಆತು, ಕೆಳಕ್ಕೆ ಹೋಗ್ರಪ್ಪ" ಎಂದರು. ಅಷ್ಟೂ ಮಕ್ಕಳು ಪುಸ್ತಕ ಸಮೇತ ಮೇಜಿನಡಿ ನುಸುಳಿದರು. ಬಂಡೆ ಸಿಡಿಯಿತು, ಮೇಲಿಂದ ಸುಣ್ಣದ ಪುಡಿ ಉದುರಿತು. ಮೇಜಿನಡಿಯಿಂದ ಪುಟ ತಿರುವುವ ಸದ್ದು ಕೇಳುತ್ತಲೇ ಇತ್ತು. ಅವರು ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಎಷ್ಟು ದಿನದಿಂದ ಹಿಂಗೆ?" ಎಂದು ಗಂಗಕ್ಕನನ್ನು ಕೇಳಿದೆ.

"ದಸರಾ ಕಳೆದ ಮ್ಯಾಲಿಂದ ಹಿಂಗೇ ಐತಣ್ಣ. ಸಾಹೇಬ್ರು ಬಂದು ನೋಡಿ, ಮಕ್ಳು ಏನ್ ಶಿಸ್ತು ಅಂತ ಹೊಗಳಿ ಹೋದ್ರು."

ಆ ಸಾಹೇಬರು ತಾವೇ.

ನಿನ್ನೆ ಸೀಟಿ ಊದುವವನು ಬಂದಿರಲಿಲ್ಲ. ಬಂಡೆ ಮಾತ್ರ ಸಿಡಿಯಿತು. ಮಕ್ಕಳು ಕುಳಿತಲ್ಲೇ ಇದ್ದರು. ತಾರಸಿಯಿಂದ ಅಂಗೈಯಗಲದ ಗಾರೆ ಕಳಚಿ, ಸರ್ವಮಂಗಳಳ ಪಕ್ಕದ ಖಾಲಿ ಕುರ್ಚಿಯ ಮೇಲೆ ಬಿತ್ತು.

ಇಂದೇ ಸಿಡಿಮದ್ದು ನಿಲ್ಲಿಸಿ. ತಾರಸಿ ಸರಿಯಾಗುವವರೆಗೆ ಮಕ್ಕಳನ್ನು ಬೇರೆ ಕಡೆ ಕೂರಿಸಿ, ಜೋಗಿಮಟ್ಟಿ ರಸ್ತೆಯ ಮರದ ನೆರಳಾದರೂ ಸಾಕು. ಹೊಸ ಕೋಣೆ ತಡವಾಗಲಿ, ಅದರಲ್ಲಿ ಕೂರಲು ಮಕ್ಕಳು ಉಳಿದಿರಬೇಕಲ್ಲ. ಇನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಮಗಳಿಗೆ ಹೇಳಿದ್ದಕ್ಕೆ, ತಪ್ಪು ತನ್ನದೇ ಎಂಬಂತೆ ಕೈಹಿಡಿದು ಕೇಳಿಕೊಂಡಳು: "ಅಪ್ಪಾ, ಬ್ಯಾಡ ಅನ್ಬ್ಯಾಡ. ನಾವು ಬಾಗ್ಲು ತೆಗೆದಾಗಿಂದ ಮೇಜಿನ ಕೆಳಗೇ ಕುಂತ್ಕಂತೀವಿ."

ಇಂತಿ,
ಸರ್ವಮಂಗಳಳ ತಂದೆ,
ತಿಪ್ಪೇರುದ್ರಪ್ಪ, ಕಂಬಳಿ ವ್ಯಾಪಾರಿ