ಇಪ್ಪತ್ತು ಲೀಟರ್ ಆಸಿಡ್

ಮಾರ್ಚ್ 4, ಬೆಳಿಗ್ಗೆ

ಮೊದಲ ಬ್ಯಾಚಿಗೆ ಬ್ಯೂರೆಟ್ ತೊಳೆದಿಟ್ಟೆ. ಕಾಲೇಜಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ. ತಮ್ಮ ಹೋಗಿ ಇಪ್ಪತ್ತು ದಿನ. ಕೈ ತನ್ನ ಪಾಡಿಗೆ ದುಡಿಯುತ್ತದೆ, ಅಷ್ಟೇ.

ಅವನ ಫ್ಯಾಕ್ಟರಿಯಿಂದ ಕಾಗದ. ಪೈಪು ತೊಳೆಯುವ ಆಸಿಡ್ ಬೆರೆಸುವಾಗ ‘ಕೆಲಸಗಾರನ ಅಜಾಗರೂಕತೆ’ಯಿಂದ ಟ್ಯಾಂಕ್ ಕುದಿದು ಸಿಡಿಯಿತಂತೆ. ಒಪ್ಪಿ ಸಹಿ ಹಾಕಬೇಕಂತೆ ನಾನು.

ಅಜಾಗರೂಕತೆ! ಬಿಸಿ ಹಾಲಿನ ಲೋಟಕ್ಕೂ ಬಟ್ಟೆ ಹಿಡಿಯುತ್ತಿದ್ದವನು.

ಮಾರ್ಚ್ 6

ಅವನ ಬಟ್ಟೆಬರೆ ತರಲು ಹೋದೆ. ಟ್ಯಾಂಕಿನ ಪಕ್ಕ ಗೋಡೆಯಲ್ಲಿ ಚಾರ್ಟ್ — ನೂರು ಲೀಟರ್ ದ್ರಾವಣಕ್ಕೆ ಐದು ಲೀಟರ್ ಆಸಿಡ್. ಹೊಸ ಕಾಗದ. ಅಂಟು ಇನ್ನೂ ಹಸಿ.

ಫ್ಯಾಕ್ಟರಿಯ ಕೆಮಿಸ್ಟ್ ಬಂದ. “ನೋಡಿ ಅಕ್ಕಾ, ಐದು ಅಂತ ಇಷ್ಟು ದಪ್ಪಗೆ ಬರ್ದಿದೀನಿ. ನಿಮ್ಮ ತಮ್ಮ ಇಪ್ಪತ್ತು ಸುರಿದ. ನಾನೇನ್ಮಾಡ್ಲಿ?”

“ಯಾವಾಗ ಬರ್ದಿದ್ದು?”

“ಮೊದಲಿಂದಾನೂ ಇದೆ.”

ಉಗುರು ಹಾಕಿ ಎಳೆದೆ. ಸರ್ರನೆ ಕಿತ್ತು ಬಂತು. ಕೆಳಗೆ ಹಳೆ ಚಾರ್ಟ್, ಅದೇ ಅಕ್ಷರ — ಇಪ್ಪತ್ತು ಲೀಟರ್.

“ಇದನ್ನ ಯಾರು, ನಿಮ್ಮಜ್ಜ ಬರೆದ್ರಾ?”



ಮಾರ್ಚ್ 7

ಟ್ಯಾಂಕಿನ ಹತ್ತಿರ ಇದ್ದ ಎರಡು ಆಸಿಡ್ ಕ್ಯಾನುಗಳ ಲೇಬಲ್ ಚೀಟಿಯಲ್ಲಿ ಬರೆದು ತಂದಿದ್ದೆ. ಹಳೆಯದು 4.6 ಮೋಲಾರ್ — ಆಸಿಡ್ ಎಷ್ಟು ಗಟ್ಟಿ ಎಂಬ ಅಳತೆ. ಹೊಸದು ಶೇಕಡಾ 98. ಮೋಲಾರ್ ಎಷ್ಟೆಂದು ಬರೆದಿಲ್ಲ. ಲ್ಯಾಬಿನ ಮೇಡಂ ಹೇಳಿಕೊಟ್ಟರು. ಲೀಟರಿಗೆ ತೂಕ 1840 ಗ್ರಾಂ. ಅದರಲ್ಲಿ ಶೇಕಡಾ 98 ಆಸಿಡ್. ಅದನ್ನು ಒಂದು ಮೋಲಿನ ತೂಕ 98ರಿಂದ ಭಾಗಿಸಿದರೆ… 18.4.

ಮೂರು ಸಲ ಮಾಡಿದೆ. ನಾಲ್ಕು ಪಟ್ಟು! ಕ್ಯಾನು ಬದಲಾಯಿತು, ಚಾರ್ಟ್ ಬದಲಾಗಲಿಲ್ಲ. ತಮ್ಮ ಗೋಡೆಯಲ್ಲಿದ್ದಷ್ಟೇ ಸುರಿದ. ಮೂರು ಸಾಲಿನ ಲೆಕ್ಕಕ್ಕೆ ಆ ಓದಿದವನಿಗೆ ಪುರಸೊತ್ತಿರಲಿಲ್ಲ. ಹೊಸ ಕಾಗದ ಅಂಟಿಸಲು ಇತ್ತು!

ಮಾರ್ಚ್ 12, ಸಂಜೆ 5

ಫ್ಯಾಕ್ಟರಿ ಆಫೀಸಿನಲ್ಲಿ ಮ್ಯಾನೇಜರ್ ಅದೇ ಕಾಗದ ಮುಂದೆ ತಳ್ಳಿದರು. “ಸಹಿ ಹಾಕಮ್ಮಾ. ಹೋದವನು ವಾಪಸ್ ಬರ್ತಾನಾ?”

ಕಾಗದ ಮಗುಚಿ, ಹಿಂದೆ ಹೊಸ ಕ್ಯಾನಿನ ಮೋಲಾರ್ ಲೆಕ್ಕ ಬರೆದೆ. ಉತ್ತರ ಮಾತ್ರ ಬಿಟ್ಟೆ. “ನಿಮ್ಮ ಕೆಮಿಸ್ಟನ್ನ ಕರೀರಿ. ಮೊದಲು ಅವರು ಇದನ್ನ ತುಂಬ್ಲಿ.”

ಬಂದ. ಓದಿದ. ಬೆವರು ಒರೆಸಿಕೊಂಡ.

“ಬರೀರಿ ಸಾರ್. ಎಂಟನೇ ಕ್ಲಾಸ್ ಓದಿದ ನಂಗೇ ಬಂತು.”

ಸಂಜೆ 6

ಅಲ್ಲೇ ಕೂತಿದ್ದೇನೆ. ಡೈರಿ ತೊಡೆಯ ಮೇಲಿದೆ. “ಮನೆಗೆ ಹೋಗಮ್ಮಾ” ಎಂದು ಮ್ಯಾನೇಜರ್ ಎರಡು ಸಲ ಹೇಳಿದರು. ಏಳುವುದಿಲ್ಲ. ಕೆಮಿಸ್ಟ್ ಪೆನ್ನಿನ ಮುಚ್ಚಳ ತೆಗೆದ. ಹಾಕಿದ. ಮತ್ತೆ ತೆಗೆದ. ಈಗ ಬಗ್ಗಿದ್ದಾನೆ. ‘1’ ಎಂದು ಬರೆದ. ಅದರ ಪಕ್ಕ —